ಗೊಂಬೆ ತಾತನ ದಾರ ಸೊಸೆಯ ಕೈಗೆ ಬಂದದ್ದು

ಮಳೆ ಹನಿಯಿತೆಂದರೆ ಆ ಓಣಿಯ ಹೆಂಗಸರೆಲ್ಲ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತಿದ್ದರು. ಸೂಜಿಯಕ್ಕ ಮಾತ್ರ ಗೊಂಬೆ ತೆಗೆಯಲು ಓಡುತ್ತಿದ್ದಳು.

ಸೂಜಿಯಕ್ಕ ಅಂದರೆ ಓಣಿಯ ದರ್ಜಿ. ತುಟಿಯ ಮೂಲೆಯಲ್ಲಿ ಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುವಳು, ಅದಕ್ಕೇ ಆ ಹೆಸರು. ಅವಳ ಮನೆಯ ಹಿಂದೆ ತಗಡು ಹೊದಿಸಿದ ಒಂದು ಶೆಡ್ಡು. ಅದೇ ಗೊಂಬೆಯಾಟದ ಮನೆ. ಅವಳ ಮಾವ ಅಲ್ಲಿ ಮರದ ಗೊಂಬೆ ಕೆತ್ತುತ್ತಿದ್ದರು, ಕೈಕಾಲಿಗೆ ದಾರ ಕಟ್ಟುತ್ತಿದ್ದರು, ಮೇಲಿನಿಂದ ಕುಣಿಸುತ್ತಿದ್ದರು. ಓಣಿಯ ಮಕ್ಕಳಿಗೆ ಅವರು ಗೊಂಬೆ ತಾತ. ತಾತ ದಾರ ಹಿಡಿದರೆ ಮರದ ಕತ್ತೆಗೂ ನಾಚಿಕೆಯಾಗುತ್ತಿತ್ತು, ಮರದ ಕಳ್ಳನೂ ಬೆವರು ಒರೆಸಿಕೊಳ್ಳುತ್ತಿದ್ದ.

ಗೊಂಬೆಗಳಿಗೆ ಬಟ್ಟೆ ಹೊಲಿಯುವುದು ಮತ್ತು ಪರದೆಯ ಹಿಂದೆ ನಿಂತು ದನಿ ಕೊಡುವುದು ಸೊಸೆಯ ಪಾಲು. ರಾಜ, ಕಳ್ಳ, ರಾಣಿ, ರಾಣಿಯ ಅತ್ತೆ, ಎಲ್ಲರೂ ಅವಳ ಗಂಟಲಲ್ಲೇ ಸಂಸಾರ ಹೂಡಿದ್ದರು. ಆದರೆ ದಾರವನ್ನು ತಾತ ಯಾರ ಕೈಗೂ ಕೊಟ್ಟವರಲ್ಲ.

ಶೆಡ್ಡಿನ ಚಾವಣಿ ಸೋರುತ್ತಿತ್ತು. ಪರದೆಗೆ ಬೂಷ್ಟು ಹಿಡಿದಿತ್ತು. ರಾಣಿಯ ಮುಖ ನೀರು ಕುಡಿದು ಊದಿಕೊಂಡು, ಕೆನ್ನೆಯ ಮೇಲೆ ಸೀಳು ಬಿಟ್ಟಿತ್ತು. ನೋಡಲು ಬರುವವರು ಕೊಡೆ ಬಿಚ್ಚಿಕೊಂಡು ಕೂರುತ್ತಿದ್ದರು. ಹಿಂದೆ ಕೂತವರಿಗೆ ಆಟಕ್ಕಿಂತ ಕೊಡೆಗಳೇ ಹೆಚ್ಚು ಕಾಣುತ್ತಿದ್ದವು.

ಸೂಜಿಯಕ್ಕನ ಗಂಡ ಬಸ್ ಡ್ರೈವರ್. ಅವನು ಒಂದು ದಿನ ಮಾತು ತೆಗೆದ.

"ಅಪ್ಪಾ, ಶೆಡ್ಡನ್ನ ಗೋಡೌನಿಗೆ ಬಾಡಿಗೆ ಕೊಟ್ಟುಬಿಡೋಣ. ಈಗ ಯಾರು ನೋಡ್ತಾರೆ ಗೊಂಬೆಯಾಟ?"

"ಕೊಡೆ ಹಿಡ್ಕೊಂಡು ನೋಡ್ತಿದಾರಲ್ಲೋ," ಅಂದರು ತಾತ. ಅಷ್ಟಕ್ಕೇ ಮಾತು ಮುಗಿಯಿತು. ಆದರೆ ಅವರ ಮುಖ ಬಾಡಿದ್ದನ್ನು ಸೂಜಿಯಕ್ಕ ಕಂಡಳು.

ಅದೇ ವಾರ ಬಡಾವಣೆಯ ಗ್ರಂಥಾಲಯದ ಮೇಡಂ ಬಟ್ಟೆ ಹೊಲಿಸಲು ಬಂದರು. ಅಳತೆ ಕೊಡುತ್ತಾ ನಿಂತವರ ಕಣ್ಣು ಕಿಟಕಿಯ ಹತ್ತಿರ ಒಣಗಲು ಇಟ್ಟಿದ್ದ ರಾಣಿಯ ಮೇಲೆ ಬಿತ್ತು.

"ಅಯ್ಯೋ, ರಾಣಿಯಮ್ಮಂಗೆ ಏನಾಯ್ತು?"

"ಚಾವಣಿ ಸೋರುತ್ತೆ ಮೇಡಂ. ಹೊಸದು ಹಾಕಿಸೋ ಶಕ್ತಿ ನಮಗಿಲ್ಲ."

"ಪ್ರತಿಷ್ಠಾನದವರನ್ನ ಕೇಳಿದೀರಾ?"

"ಹಾಗಂದ್ರೆ?"

"ಅನುಕೂಲ ಇರೋವ್ರು ತಮ್ಮ ಸಂಪತ್ತಲ್ಲಿ ಒಂದಿಷ್ಟನ್ನ ಒಳ್ಳೆ ಕೆಲಸಕ್ಕೆ ಅಂತ ತೆಗೆದಿಟ್ಟು, ಅದನ್ನ ನೋಡ್ಕೊಳ್ಳೋಕೆ ಒಂದು ಸಂಸ್ಥೆ ಮಾಡಿರ್ತಾರೆ. ಕೆಲವು ಸಂಸ್ಥೆ ಆಸ್ಪತ್ರೆಗೆ ಕೊಡ್ತಾವೆ, ಕೆಲವು ಶಾಲೆಗೆ. ಹಾಡು, ನಾಟಕ, ಗೊಂಬೆಯಾಟ ಅಂತ ಊರಿನ ಕಲಾತಂಡಗಳಿಗೆ ಅನುದಾನ ಕೊಡೋವೂ ಇವೆ. ಅದು ಸಾಲ ಅಲ್ಲ, ವಾಪಸ್ ಕೊಡಬೇಕಾಗಿಲ್ಲ. ಆದ್ರೆ ಯಾವ ಕೆಲಸಕ್ಕೆ ಅಂತ ಕೇಳಿರ್ತೀರೋ ಅದಕ್ಕೇ ಬಳಸಬೇಕು, ಬಳಸಿದ್ದನ್ನ ತೋರಿಸಬೇಕು."

ಒಳಗೆ ಉಳಿ ಮಸೆಯುತ್ತಿದ್ದ ತಾತ ಅಲ್ಲಿಂದಲೇ ದನಿ ಎತ್ತಿದರು. "ನಮ್ಮಪ್ಪನ ಕಾಲದಿಂದ ಯಾರ ಮುಂದೂ ಕೈ ಚಾಚಿಲ್ಲಮ್ಮ ನಾವು."

ಮೇಡಂ ಬೇಸರಪಡಲಿಲ್ಲ. ಬಾಗಿಲ ಹತ್ತಿರ ಹೋಗಿ ನಿಂತರು. "ತಾತ, ಲೈಬ್ರರಿಯಲ್ಲಿ ಇರೋ ಪುಸ್ತಕ ನಾನು ನನ್ನ ಸಂಬಳದಲ್ಲಿ ತಂದಿದ್ದಲ್ಲ. ಯಾರೋ ಕೊಟ್ರು, ಊರು ಓದ್ತಿದೆ. ನಾನು ಕೈ ಚಾಚಿದೆ ಅಂತ ನಿಮಗೆ ಯಾವತ್ತಾದ್ರೂ ಅನ್ನಿಸಿದೆಯಾ? ನೀವು ನಿಮ್ಮ ಮನೆಗೆ ಕೇಳ್ತಿಲ್ಲ. ನಮ್ಮ ಮಕ್ಕಳು ನೆನೆಯದ ಹಾಗೆ ಕೂತು ಆಟ ನೋಡ್ಲಿ ಅಂತ ಕೇಳ್ತೀರಿ."

ತಾತ ಮತ್ತೆ ಉಳಿ ಮಸೆಯತೊಡಗಿದರು. ಬೇಡ ಅನ್ನಲಿಲ್ಲ.

ಕೆಲಸ ಶುರುವಾಯಿತು. ಒಬ್ಬರ ಹೆಸರಿಗಿಂತ ಸಂಘದ ಹೆಸರಲ್ಲಿ ಕೇಳುವುದು ಒಳ್ಳೆಯದು ಅಂದರು ಮೇಡಂ. ಡೋಲು ಬಾರಿಸುವ ಸೈಕಲ್ ರಿಪೇರಿಯವನು, ಪರದೆ ಬರೆಯುವ ಬೋರ್ಡ್ ಪೇಂಟರ್, ತಾತ, ಸೂಜಿಯಕ್ಕ ಮತ್ತು ಓಣಿಯ ಇನ್ನೂ ಕೆಲವರು ಸೇರಿ ಸಂಘ ಕಟ್ಟಿದರು. ಅದನ್ನು ನೋಂದಾಯಿಸಿ, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆದರು. ಹಳೆಯ ಆಟಗಳ ಫೋಟೋಗಳನ್ನು ಒಟ್ಟುಮಾಡಿದರು. ಗೊಂಬೆಯಾಟಕ್ಕೆ ನೆರವು ಕೊಡುವ ಒಂದು ಪ್ರತಿಷ್ಠಾನವನ್ನು ಮೇಡಂ ಹುಡುಕಿಕೊಟ್ಟರು.

ಅಷ್ಟರಲ್ಲಿ ಗಂಡ ಒಂದು ಸುದ್ದಿ ತಂದ. "ನೋಡೇ, ಬಸ್ಸಲ್ಲಿ ಒಬ್ಬರು ಸಿಕ್ಕಿದ್ರು. ಅವರಿಗೆ ಒಳಗಡೆ ಎಲ್ಲಾ ಪರಿಚಯ ಅಂತೆ. ಬಂದಿದ್ರಲ್ಲಿ ಅರ್ಧ ಕೊಟ್ರೆ ಅನುದಾನ ಕೊಡಿಸ್ತಾರಂತೆ."

ಅರ್ಜಿ ಬರೆಸಲು ಬಂದು ಕೂತಿದ್ದ ಮೇಡಂ ಅಲ್ಲೇ ಆ ಪ್ರತಿಷ್ಠಾನದ ಕಚೇರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದರು. ಆ ಕಡೆಯಿಂದ ಶಾಂತವಾದ ದನಿ ಬಂತು. "ಅರ್ಜಿಗೆ ನಾವು ಒಂದು ಪೈಸೆನೂ ತಗೊಳ್ಳಲ್ಲ. ನಮ್ಮ ಹೆಸರು ಹೇಳಿ ಪಾಲು ಕೇಳಿದ್ರೆ ನಂಬಬೇಡಿ. ಅರ್ಥ ಆಗದೇ ಇದ್ದಿದ್ದನ್ನ ನಮ್ಮನ್ನೇ ಕೇಳಿ, ಹೇಳ್ತೀವಿ." ಗಂಡ ತಲೆ ಕೆರೆದುಕೊಂಡು ಡ್ಯೂಟಿಗೆ ಹೋದ.

ಅರ್ಜಿ ಹೋಯಿತು. ತಿಂಗಳುಗಳಾದ ಮೇಲೆ ಉತ್ತರ ಬಂತು. ಈ ಸಲ ಆಗಲಿಲ್ಲ ಎಂದಿತ್ತು.

"ನಾನು ಮೊದಲೇ ಹೇಳಿದ್ದೆ," ಅಂದ ಗಂಡ.

ಸೂಜಿಯಕ್ಕ ಆ ದಿನ ಮಷಿನ್ ತುಳಿಯಲಿಲ್ಲ. ಮಾರನೆಯ ದಿನ ಎದ್ದು, ಕಚೇರಿಗೆ ತಾನೇ ಫೋನ್ ಮಾಡಿದಳು. "ನಮ್ಮಲ್ಲಿ ಏನು ಕೊರತೆ ಇತ್ತು ಅಂತ ಹೇಳ್ತೀರಾ? ತಿದ್ದಿಕೊಳ್ತೀವಿ."

"ನಿಮ್ಮ ಆಟದ ಬಗ್ಗೆ ಎರಡು ಮಾತಿಲ್ಲ," ಅಂದರು ಅಲ್ಲಿನ ಅಧಿಕಾರಿ. "ಆದ್ರೆ ಹೊಸ ಚಾವಣಿ ಬಂದ ಮೇಲೆ ಅದರ ಕೆಳಗೆ ಮುಂದೆ ಆಡಿಸೋರು ಯಾರು? ಈಗ ಯಾರು ಕಲೀತಿದಾರೆ? ಅದಕ್ಕೆ ನಿಮ್ಮ ಅರ್ಜಿಯಲ್ಲಿ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದಾಗ ಮತ್ತೆ ಬನ್ನಿ, ಖಂಡಿತ ಬನ್ನಿ."

ಊಟದ ಹೊತ್ತಲ್ಲಿ ಅವಳು ಈ ಮಾತನ್ನು ಮಾವನಿಗೆ ಹೇಳಿದಳು. ತಾತ ತಟ್ಟೆ ಪಕ್ಕಕ್ಕೆ ಸರಿಸಿದರು.

"ದಾರದ ಗುಟ್ಟು ಮನೆ ದಾಟಬಾರದು ಅಂದಿದ್ದರು ನಮ್ಮಪ್ಪ."

"ಮನೆಯೊಳಗೇ ಇರೋ ನನಗೂ ಹೇಳಿಲ್ವಲ್ಲ ಮಾವ," ಅಂದಳು ಸೂಜಿಯಕ್ಕ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತಾತ ಎದ್ದು ಕೈ ತೊಳೆಯಲು ಹೋದರು.

ಕೆಲವು ದಿನಗಳ ನಂತರ ಮಕ್ಕಳ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಆಟವಿತ್ತು. ಮಂಚಗಳನ್ನು ಅರ್ಧಚಂದ್ರಾಕಾರದಲ್ಲಿ ಸರಿಸಿದ್ದರು. ಆಟ ರಂಗೇರಿತ್ತು. ರಾಜ ಸಿಂಹಾಸನದಿಂದ ಇಳಿಯುತ್ತಿದ್ದ. ಆಗ ತಾತನ ಬಲಗೈ ಹಿಡಿದುಕೊಂಡಿತು. ಬೆರಳು ಮಡಚಲಿಲ್ಲ, ಬಿಚ್ಚಲೂ ಇಲ್ಲ. ರಾಜ ಮೆಟ್ಟಿಲ ಮೇಲೆ ಕುಸಿದು ಬಿದ್ದ. ಮಕ್ಕಳು ಕತ್ತು ಚಾಚಿ ನೋಡಿದರು. ತಾತನ ಹಣೆಯಲ್ಲಿ ಬೆವರು ಕಿತ್ತುಬಂತು.

ಸೂಜಿಯಕ್ಕ ಹಿಂದೆ ಮುಂದೆ ನೋಡಲಿಲ್ಲ. ಮಾವನ ಕೈಯಿಂದ ದಾರದ ಹಿಡಿಕೆಯನ್ನು ಮೆಲ್ಲನೆ ಬಿಡಿಸಿಕೊಂಡಳು. ರಾಜ ಎದ್ದ, ಆದರೆ ಸೊಟ್ಟಗೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ.

"ಯಾಕ್ರಯ್ಯಾ ಹಾಗೆ ನೋಡ್ತೀರಿ?" ಅವಳು ರಾಜನ ದನಿಯಲ್ಲಿ ಗದರಿದಳು. "ಕೂತೂ ಕೂತೂ ರಾಜರಿಗೂ ಕಾಲು ಜೋಮು ಹಿಡಿಯುತ್ತೆ."

ವಾರ್ಡ್ ನಕ್ಕಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಂದು ಹುಡುಗಿಯಂತೂ ದಿಂಬು ಬಡಿದು ಬಡಿದು ನಕ್ಕಳು. ಆ ಗದ್ದಲದಲ್ಲಿ ಸೂಜಿಯಕ್ಕನ ಕಿವಿಯ ಹತ್ತಿರ ಒಂದು ಪಿಸುದನಿ ಕೇಳಿಸಿತು.

"ಕಿರುಬೆರಳು ಎತ್ತು. ಹಾಗೇ. ಮೊಣಕೈ ಬಿಗಿ ಹಿಡೀಬೇಡ. ಉಸಿರು ಬಿಡಮ್ಮ, ನೀನು ಬಿಟ್ಟರೆ ತಾನೇ ರಾಜನೂ ಉಸಿರಾಡೋದು."

ತಾತ ನೋಯುವ ಕೈಯನ್ನು ಎದೆಗೊತ್ತಿಕೊಂಡು, ತಂದೆ ಯಾರಿಗೂ ಹೇಳಬೇಡ ಅಂದಿದ್ದನ್ನೆಲ್ಲ ಸೊಸೆಯ ಕಿವಿಗೆ ಹೇಳುತ್ತಿದ್ದರು. ಆಟದ ಕೊನೆಯ ಹೊತ್ತಿಗೆ ರಾಜ ನೆಟ್ಟಗೆ ನಡೆಯುತ್ತಿದ್ದ.

ಮಾರನೆಯ ಬೆಳಿಗ್ಗೆ ಸೂಜಿಯಕ್ಕ ಕಸ ಗುಡಿಸಲು ಶೆಡ್ಡಿಗೆ ಹೋದಾಗ ತಾತ ಕತ್ತೆಯನ್ನು ತೂಗುಹಾಕಿ ಕಾಯುತ್ತಿದ್ದರು.

"ಕತ್ತೆಯಿಂದ ಶುರು ಮಾಡು. ರಾಜ ಸುಮ್ಮನೆ ನಿಂತಿದ್ರೂ ನಡೆಯುತ್ತೆ. ಕತ್ತೆ ದುಡೀಬೇಕು, ಅದು ಕಷ್ಟ."

ಅವಳು ಕಲಿತಳು. ಬೆರಳುಗಳಿಗೆ ಸೂಜಿಯ ಅಭ್ಯಾಸವಿತ್ತು, ದಾರ ಬೇಗ ಮಾತು ಕೇಳಿತು. ಬಾಗಿಲಲ್ಲಿ ಇಣುಕುತ್ತಿದ್ದ ಓಣಿಯ ಮಕ್ಕಳನ್ನು ತಾತ ಮೊದಲು ಗದರಿದರು, ಆಮೇಲೆ ನೋಡಿಯೂ ನೋಡದಂತಿದ್ದರು, ಕೊನೆಗೆ "ಚಪ್ಪಲಿ ಹೊರಗೆ ಬಿಟ್ಟು ಬನ್ನಿ" ಅಂದರು. ಹೆಣ್ಣುಮಕ್ಕಳು, ಗಂಡುಮಕ್ಕಳು, ಆಸ್ಪತ್ರೆಯ ಒಬ್ಬ ನರ್ಸ್ ಕೂಡ ಕಲಿಯಲು ಬಂದರು.

ಎರಡನೆಯ ಅರ್ಜಿಯಲ್ಲಿ ಹೇಳಲು ಹೊಸ ಸಂಗತಿ ಇತ್ತು. ಯಾರು ಕಲಿಯುತ್ತಿದ್ದಾರೆ, ಯಾವ ಶಾಲೆ, ಆಸ್ಪತ್ರೆಗಳಲ್ಲಿ ಆಟ ಆಡಿಸುತ್ತಾರೆ, ಚಾವಣಿ ಏಕೆ ಬೇಕು ಎಂಬುದನ್ನೆಲ್ಲ ಸೂಜಿಯಕ್ಕ ತನ್ನ ಮಾತಿನಲ್ಲೇ ಬರೆದಳು. ದೊಡ್ಡ ದೊಡ್ಡ ಪದ ಹುಡುಕಲು ಹೋಗಲಿಲ್ಲ. ಖರ್ಚನ್ನು ಹಿಗ್ಗಿಸಿ ತೋರಿಸಲೂ ಇಲ್ಲ.

ಪ್ರತಿಷ್ಠಾನದ ಅಧಿಕಾರಿ ತಾವೇ ನೋಡಲು ಬಂದರು. ಕುರ್ಚಿ ಕೊಟ್ಟರೆ ಬೇಡವೆಂದು ಮಕ್ಕಳ ನಡುವೆ ಚಾಪೆಯ ಮೇಲೆ ಕೂತರು. ಪಾಠ ಮುಗಿಯುವವರೆಗೂ ನೋಡಿದರು. ಆಮೇಲೆ ತಾತನ ಕಡೆ ತಿರುಗಿ, "ಇಷ್ಟು ವರ್ಷ ಇದನ್ನ ಒಬ್ಬರೇ ಹೊತ್ತಿದ್ದೀರಲ್ಲ," ಅಂದರು. ತಾತ ಸೊಸೆಯ ಕೈಯಲ್ಲಿದ್ದ ದಾರದ ಕಡೆ ನೋಡಿದರು. "ಈಗ ಹಗುರ ಆಗಿದೆ ತಾಯಿ," ಅಂದರು.

ಈ ಸಲ ಅನುದಾನ ಬಂತು. ಚಾವಣಿ ಹೊಸದಾಯಿತು. ಒಳ್ಳೆಯ ಮರ, ಉಳಿಗಳು, ಹೊಸ ಪರದೆ ಬಂದವು. ರಾಣಿಯ ಕೆನ್ನೆಯ ಸೀಳು ಮುಚ್ಚಿ ಹೊಸ ಬಣ್ಣ ಬಳಿದರು. ಕಲಿಸುವವರಿಗೆ ಸಂಭಾವನೆ ಸಿಕ್ಕಿತು. ಪ್ರತಿ ಖರ್ಚಿನ ಬಿಲ್ಲನ್ನು ಸೂಜಿಯಕ್ಕ ಜೋಪಾನವಾಗಿಟ್ಟು ವರದಿ ಕಳಿಸಿದಳು. ಗೋಡೌನ್ ಮಾತು ಎತ್ತಿದ್ದ ಗಂಡ ಈಗ ರಜೆಯ ದಿನ ಬಾಡಿಗೆ ವ್ಯಾನ್ ಓಡಿಸಿ ತಂಡವನ್ನು ಶಾಲೆಗಳಿಗೆ ಕರೆದೊಯ್ಯುತ್ತಿದ್ದ. ಗೊಂಬೆಯಾಟ ಯಾರು ನೋಡ್ತಾರೆ ಅಂತ ಯಾರಾದರೂ ಕೇಳಿದರೆ, "ಬಂದು ಜಾಗ ಸಿಗುತ್ತಾ ನೋಡಿ" ಅನ್ನುತ್ತಿದ್ದ.

ಕಲಿತವರು ಮೊದಲ ಬಾರಿ ಆಡಿಸಿದ ಸಂಜೆ, ತಾತನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಪರದೆ ಸರಿಯಿತು. ದೀಪದ ಬೆಳಕಿನಲ್ಲಿ ರಾಣಿ ಮೆಲ್ಲನೆ ತಲೆ ಎತ್ತಿ ಜನರ ಕಡೆ ನೋಡಿದಳು. ತಾತ ಪಕ್ಕದಲ್ಲಿ ಕೂತಿದ್ದ ಮಗನ ತೋಳು ಹಿಡಿದುಕೊಂಡರು.

"ಮೇಲಿಂದ ನನಗೆ ಬರೀ ನೆತ್ತಿ ಕಾಣ್ತಿತ್ತು ಕಣೋ. ಒಂದು ಸಲನೂ ಇವಳ ಮುಖ ನೋಡಿರಲಿಲ್ಲ, ಆಡೋವಾಗ. ಎದುರಿಂದ ಇಷ್ಟು ಚೆನ್ನಾಗಿರುತ್ತಾ?"

"ಇಷ್ಟೇ ಚೆನ್ನಾಗಿತ್ತಪ್ಪ, ಯಾವಾಗಲೂ," ಅಂದ ಮಗ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಹಾಡುವ ಗುಂಪು, ನಾಟಕದ ತಂಡ, ಬಣ್ಣ ಬಳಿಯುವ ಕೈಗಳು ಇದ್ದಾವು. ಅವರನ್ನು ಕೂಡಿಸಿ ಸಂಘ ಕಟ್ಟಿ, ಖಾತೆ ತೆರೆಯಿರಿ. ಕಲೆಗೆ ನೆರವಾಗುವ ಪ್ರತಿಷ್ಠಾನಗಳು ಯಾವುವೆಂದು ಹತ್ತಿರದ ಗ್ರಂಥಾಲಯದಲ್ಲಿ, ತಿಳಿದವರಲ್ಲಿ ವಿಚಾರಿಸಿ. ಪಾಲು ಕೇಳುವವರನ್ನು ಹತ್ತಿರ ಸೇರಿಸಬೇಡಿ. ಒಮ್ಮೆ ಇಲ್ಲ ಅಂದರೆ ಏಕೆಂದು ಕೇಳಿ, ತಿದ್ದಿ, ಮತ್ತೆ ಹೋಗಿ. ಸಿಕ್ಕಿದ್ದಕ್ಕೆ ಸರಿಯಾದ ಲೆಕ್ಕ ಕೊಡಿ. ಆದರೆ ನಾಳೆ ನೋಡೋಣ ಅಂತ ಮಾತ್ರ ಕೂರಬೇಡಿ. ಕಲಿಸುವವರ ಕೈ ಇನ್ನೂ ಆಡುತ್ತಿರುವಾಗಲೇ ಕಲಿಯುವವರ ಕೈಗೆ ದಾರ ಬರಲಿ.