ಮಸುಕು ಮೀನು

"ಉಸಿರಾಡ್ತಾ ಇರೋವಾಗ್ಲೇ ಆಸ್ತಿ ಹಂಚೋಕೆ ಕೂತಿದ್ದೀಯಲ್ಲ ಲೆಂಪಿ, ಏನಾಗಿದೆ ನಿಂಗೆ?" ಎಂದ ಅರ್ನಿ ಝುಪಾನ್, ಬಾಗಿಲ ಬಳಿ ಬಗ್ಗಿ ಬೂಟು ಕಳಚುತ್ತ.

"ನಂಗೇನೂ ಆಗಿಲ್ಲ. ನಿನ್ನ ಕಾಲ್ಚೀಲಕ್ಕೆ ಆಗಿದೆ, ಹೆಬ್ಬೆರಳು ಹೊರಗಿದೆ ನೋಡ್ಕೋ," ಎಂದಳು ಲೆಂಪಿ ಕಿವೆಲಾ, ಮತ್ತು ಅವನಿಗೊಂದು ಕಪ್ಪು ಕಾಫಿ ಬಗ್ಗಿಸಿದಳು.

ಬೆಳಿಗ್ಗೆ ಫೋನಿನಲ್ಲಿ ಅವಳು ಹೇಳಿದ್ದು ಎರಡೇ ಮಾತು. ತೋಯ್ವೊನ ಲೆನ್ಸು ತೆಗೆದಿಟ್ಟಿದ್ದೇನೆ, ಬಂದು ತಗೊಂಡು ಹೋಗು. ಯಾಕೆ ಏನು ಎಂದು ಅವನು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದಳು. ಈಗ ಅಡುಗೆಕಟ್ಟೆಯ ಮೇಲೆ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಕಾದಿತ್ತು. ಅದಕ್ಕೆ ಅಂಟಿಸಿದ ಬಿಳಿ ಟೇಪಿನ ಮೇಲೆ ದಪ್ಪಕ್ಷರದಲ್ಲಿ 'ಅರ್ನಿಗೆ' ಎಂದಿತ್ತು. ಒಳಗಿದ್ದದ್ದು ಅವಳ ಅಣ್ಣ ತೋಯ್ವೊ ಸೈನ್ಯದಲ್ಲಿದ್ದಾಗ ಜರ್ಮನಿಯಿಂದ ತಂದ ಐವತ್ತು ಮಿಲಿಮೀಟರಿನ ಲೆನ್ಸು. ಅಣ್ಣ ಹೋಗಿ ಎಷ್ಟೋ ಕಾಲವಾಯಿತು. ಅವನ ಹಳೆಯ ಕ್ಯಾಮೆರಾ ಅವನಿಗಿಂತ ಮುಂಚೆಯೇ ಹೋಗಿತ್ತು. ಲೆನ್ಸು ಮಾತ್ರ ಒಂದು ಅಡಾಪ್ಟರ್ ಬಳೆ ತೊಟ್ಟುಕೊಂಡು ಲೆಂಪಿಯ ಹೊಸ ಡಿಜಿಟಲ್ ಕ್ಯಾಮೆರಾದ ಮೂತಿಗೆ ಬಂದು ಕೂತಿತ್ತು. ಅಲ್ಲಿಂದಾಚೆಗೆ ಬೇರೆ ಲೆನ್ಸನ್ನು ಅವಳು ಕಣ್ಣೆತ್ತಿಯೂ ನೋಡಿದವಳಲ್ಲ.

ಇಬ್ಬರೂ ಊರಿನ ಫೋಟೋ ಕ್ಲಬ್ಬಿನಲ್ಲಿ ತಲೆ ನರೆಯುವವರೆಗೆ ಅಕ್ಕಪಕ್ಕ ಕೂತವರು. ಅವನಿಗೆ ಹಕ್ಕಿಗಳ ಹುಚ್ಚು, ಅವಳಿಗೆ ಅಡುಗೆಮನೆಯ ಹುಚ್ಚು. ಈರುಳ್ಳಿ, ರೈ ಬ್ರೆಡ್ಡು, ಸಿಪ್ಪೆ ಎದ್ದ ಎನಾಮಲ್ ಕೆಟಲು, ಹೀಗೆ ತೆಪ್ಪಗೆ ಕೂರುವ ಯಾವುದನ್ನಾದರೂ ಸರೋವರದ ಕಡೆಯ ಕಿಟಕಿಗೆ ಇಟ್ಟು, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಏರಿಸಿ, ನಿಧಾನವಾಗಿ ತೆಗೆಯುತ್ತಾಳೆ. ಓಡಿಹೋಗೋಕೆ ಕಾಲಿಲ್ಲದ್ದನ್ನ ಮಾತ್ರ ಹಿಡೀತೀಯ ನೀನು ಎಂದು ಅರ್ನಿ ಆಡಿಕೊಳ್ಳುವುದು. ನೀನು ಹಿಡಿದದ್ದೆಲ್ಲ ಬಾಲ ಮಾತ್ರ ಎಂದು ಅವಳು ತಿರುಗಿಸಿ ಕೊಡುವುದು.

ಇವತ್ತೂ ಮೇಜು ಸಜ್ಜಾಗಿಯೇ ಇತ್ತು. ಹಳೇ ಪತ್ರಿಕೆಯ ಮೇಲೆ ಹೊಗೆ ಹಿಡಿಸಿದ ಮೀನೊಂದು ಚಿನ್ನದ ಬಣ್ಣದಲ್ಲಿ ಮಲಗಿತ್ತು. ಪಕ್ಕದಲ್ಲಿ ಅರ್ಧ ಕೊಯ್ದ ಈರುಳ್ಳಿ, ಕೆಟಲು. ಇನ್ನೊಂದೇ ಒಂದು ಸಲ ನೋಡೋಣ ಎಂದು ಬೆಳಿಗ್ಗೆ ಜೋಡಿಸಿದ್ದಳು. ನೋಡಿದ ಮೇಲೆಯೇ ಅರ್ನಿಗೆ ಫೋನ್ ಮಾಡಿದ್ದು.

"ಇಷ್ಟೆಲ್ಲ ಹರಡಿಕೊಂಡು ಲೆನ್ಸು ಬೇಡ ಅಂತೀಯ?" ಅರ್ನಿ ಏಲಕ್ಕಿ ಬ್ರೆಡ್ಡಿನ ತುಂಡೊಂದನ್ನು ಕಾಫಿಗೆ ಅದ್ದಿದ. "ಮದುವೆ ಚಪ್ಪರದಲ್ಲಿ ಕೂತು ಗಂಡು ಬೇಡ ಅಂದಂಗಾಯ್ತು."

"ಸಾಕಾಯ್ತು ಅರ್ನಿ. ವಯಸ್ಸಾಯ್ತು."

"ನನಗಿಂತ ಮೂರು ವರ್ಷ ಚಿಕ್ಕವಳು. ನಿಂಗೆ ವಯಸ್ಸಾದ್ರೆ ನಾನೇನು ಮಣ್ಣಲ್ಲಿರಬೇಕಿತ್ತಾ?"

ಅವಳು ನಗಲಿಲ್ಲ. ಆಗಸ್ಟಿನಲ್ಲಿ ಬೇಸಿಗೆ ಮುಗಿಯುವ ಹೊತ್ತಿನಿಂದ ಅವಳ ಚಿತ್ರಗಳು ಒಂದೊಂದಾಗಿ ಮಸುಕಾಗುತ್ತ ಬಂದಿದ್ದವು. ಅವಳ ಲೆನ್ಸು ತಾನಾಗಿ ಫೋಕಸ್ ಮಾಡುವ ಜಾತಿಯದಲ್ಲ. ಕಣ್ಣಿಟ್ಟು ನೋಡುತ್ತ ಕೈಯಲ್ಲೇ ತಿರುಗಿಸಬೇಕು. ಕ್ಯಾಮೆರಾದ ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ, ಈರುಳ್ಳಿಯ ಬೇರಿನ ಎಳೆ ಎಳೆ ಕಾಣುವಂತೆ ತಿರುಗಿಸುತ್ತಿದ್ದಳು. ಸರಿಯಾಯಿತು ಎಂದು ಕಣ್ಣು ಹೇಳುತ್ತಿತ್ತು. ಚಿತ್ರ ತೆಗೆದು ನೋಡಿದರೆ ಅದೇ ಎಳೆಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಕದಡಿರುತ್ತಿದ್ದವು. ಅಂದರೆ ಕಣ್ಣೇ ಸುಳ್ಳು ಹೇಳುತ್ತಿದೆ. ಬೇರೆ ಅರ್ಥ ಅವಳಿಗೆ ಹೊಳೆಯಲಿಲ್ಲ. ಯಾಕೆಂದರೆ ಅವಳ ಅಮ್ಮನಿಗೂ ಇದೇ ವಯಸ್ಸಿನಲ್ಲಿ ಶುರುವಾಗಿತ್ತು. ಅಮ್ಮನ ಕಣ್ಣು ನಡುವಿನಿಂದ ಸವೆಯಿತು. "ನಿನ್ನ ಕಿವಿ ಕಾಣತ್ತೆ ಮಗಳೇ, ಮೂಗೆಲ್ಲಿ?" ಎಂದು ಅಮ್ಮ ನಗುತ್ತಲೇ ಕೇಳುತ್ತಿದ್ದಳು. ಆ ನಗು ಲೆಂಪಿಗೆ ಮರೆತಿರಲಿಲ್ಲ. ಕಣ್ಣಿನ ಡಾಕ್ಟರ ಬಳಿ ಹೆಸರು ಬರೆಸಿ, ಹೋಗದೆ ಮುಂದೂಡಿ, ಮತ್ತೆ ಬರೆಸಿ, ಮತ್ತೆ ಮುಂದೂಡಿದ್ದಳು. ಮಗಳಿಗೂ ಹೇಳಿರಲಿಲ್ಲ.

"ಸರಿ, ಕೊಡು," ಎಂದ ಅರ್ನಿ. "ಆದ್ರೆ ಪುಕ್ಕಟೆ ಬಂದ ಕುದುರೆ ಆದ್ರೂ ನಾನು ಒಂದು ಸುತ್ತು ಓಡಿಸದೆ ಮನೆಗೆ ಒಯ್ಯೋನಲ್ಲ."

ಅವಳು ಬೇಡವೆನ್ನುವುದರೊಳಗೆ ಅವನು ಪೆಟ್ಟಿಗೆಯಿಂದ ಲೆನ್ಸು ತೆಗೆದು, ಸ್ಟ್ಯಾಂಡಿನ ಮೇಲಿದ್ದ ಅವಳ ಕ್ಯಾಮೆರಾಕ್ಕೇ ಸಿಕ್ಕಿಸಿದ. ಬಗ್ಗಿ, ಪರದೆಯಲ್ಲಿ ಮೀನಿನ ಕಣ್ಣನ್ನು ದೊಡ್ಡದು ಮಾಡಿ, ಲೆನ್ಸಿನ ಬಳೆಯನ್ನು ಅತ್ತಿತ್ತ ತಿರುಗಿಸಿದ. "ಆಹಾ, ಚಾಕುವಿನಂಗಿದೆ," ಎಂದು ಗುಂಡಿ ಒತ್ತಿ ಕೈ ಹಿಂದೆಗೆದ. ಮೋಡ ಕವಿದ ದಿನ, ಬೆಳಕು ಕಡಿಮೆ. ಕ್ಯಾಮೆರಾ ಕಣ್ಣು ತೆರೆದು ಎರಡು ಸೆಕೆಂಡು ಹಾಗೆಯೇ ಇದ್ದು ಮುಚ್ಚಿಕೊಂಡಿತು.

ಚಿತ್ರ ಪರದೆಗೆ ಬಂತು. ಅರ್ನಿ ಕನ್ನಡಕ ಹಣೆಗೇರಿಸಿ ನೋಡಿದ. ಇಳಿಸಿ ನೋಡಿದ.

"ಇದೇನೇ, ಮೀನು ನೀರೊಳಗಿದ್ದಂಗಿದೆ."

"ಏನಂದೆ?" ಲೆಂಪಿ ಕಾಫಿಯ ಜಗ್ಗನ್ನು ಕೆಳಗಿಟ್ಟಳು.

"ಮಸುಕಾಗಿದೆ ಅಂದೆ."

"ಇನ್ನೊಂದ್ಸಲ ಹೇಳು."

"ಮಸುಕು. ಕಿವಿಯೂ ಹೋಯ್ತಾ ನಿಂಗೆ?"

ಅವಳು ಹತ್ತಿರ ಬಂದು ಇಣುಕಿದಳು. ಮೀನಿನ ಕಣ್ಣು ಕದಡಿತ್ತು. ಈರುಳ್ಳಿಯ ಬೇರು ಕದಡಿತ್ತು. ಅವಳು ಎರಡು ತಿಂಗಳಿಂದ ತೆಗೆಯುತ್ತಿದ್ದ ಕೆಟ್ಟ ಚಿತ್ರವೇ ಇದು, ಆದರೆ ತೆಗೆದವನು ಅರ್ನಿ. ಕೊಳದ ಆಚೆ ದಡದ ಹಕ್ಕಿಯ ಕಾಲಿಗೆ ತೊಡಿಸಿದ ಗುರುತುಬಳೆಯ ನಂಬರನ್ನು ಓದುವ ಅರ್ನಿ. ಲೆಂಪಿ ಕುರ್ಚಿ ಎಳೆದು ಕೂತಳು. ಕೂತಲ್ಲೇ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಅವನು ಗಾಬರಿಯಾದ. ನೋಡಿದರೆ ನಗುತ್ತಿದ್ದಳು.

"ಎಷ್ಟು ಕೆಟ್ಟದಾಗಿ ತೆಗೆದಿದ್ದೀಯೋ ಮಾರಾಯ," ಎಂದಳು ಕಣ್ಣೊರೆಸಿಕೊಂಡು. "ಇಷ್ಟು ಚಂದದ ಚಿತ್ರ ನಾನು ನೋಡೇ ಇಲ್ಲ."

"ತಮಾಷೆ ಮಾಡ್ಬೇಡ. ನಿನ್ನ ಅಣ್ಣನ ಲೆನ್ಸು ಕೆಟ್ಟಿದೆ, ಅಷ್ಟೇ. ನನ್ನ ಕಣ್ಣಲ್ಲಿ ದೋಷ ಇಲ್ಲ."

"ಕೆಡ್ಲಿ ಬಿಡು. ಪುಡಿಪುಡಿಯಾಗ್ಲಿ."

ಆಮೇಲೆ ಅವಳು ಹೇಳಿದಳು. ಅಮ್ಮನ ವಿಷಯ, ಡಾಕ್ಟರ ವಿಷಯ, ರಾತ್ರಿ ಹಾಸಿಗೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿ ಗಡಿಯಾರದ ಮುಳ್ಳು ನೆಟ್ಟಗಿದೆಯೇ ಎಂದು ನೋಡುತ್ತಿದ್ದುದು. ಅರ್ನಿ ಕಾಫಿ ಮುಟ್ಟದೆ ಕೇಳಿದ.

"ಇಷ್ಟು ದಿನ ಬಾಯಿ ಬಿಡಲಿಲ್ಲ ನೀನು."

"ಹೇಳಿದ್ರೆ ನಿಜ ಆಗಿಬಿಡತ್ತೆ ಅನ್ನಿಸ್ತು."

"ಹೆಡ್ಡಿ," ಎಂದ ಅವನು ಮೆಲ್ಲಗೆ. ಮೀನಿನ ಬಾಲದಿಂದೊಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡ.

"ಏಯ್, ಅದು ಚಿತ್ರಕ್ಕೆ."

"ಮಸುಕು ಮೀನು ಕಣೇ, ಯಾರಿಗೆ ಗೊತ್ತಾಗತ್ತೆ?" ಅವನು ಬೆರಳು ಒರೆಸಿಕೊಂಡು ಎದ್ದ. ಅವನ ಕೊರಳಲ್ಲಿ ಎಂದಿನಂತೆ ಅವನ ಸ್ವಂತ ಕ್ಯಾಮೆರಾ ನೇತಾಡುತ್ತಿತ್ತು. "ತಡಿ. ತೋಯ್ವೊನ ಮರ್ಯಾದೆ ಪ್ರಶ್ನೆ. ಇನ್ನೊಂದು ಪರೀಕ್ಷೆ ಆಗ್ಲಿ."

ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ಹಾಕಿ ಅದೇ ಸ್ಟ್ಯಾಂಡಿನ ಮೇಲೆ ಕೂರಿಸಿ ಅದೇ ಮೀನನ್ನು ತೆಗೆದ. ಈ ಸಲ ಪರದೆಗೆ ಬಂದ ಮೀನಿನ ಒಂದೊಂದು ಹುರುಪೆಯೂ ಎಣಿಸುವಂತಿತ್ತು. ಈರುಳ್ಳಿಯ ಬೇರುಗಳು ಮುದುಕನ ಗಡ್ಡದಂತೆ ಎಳೆಎಳೆಯಾಗಿ ನಿಂತಿದ್ದವು.

ಹಾಗಾದರೆ ಮತ್ತೆ ಕಣ್ಣೇ ಎನ್ನಿಸಿತು ಲೆಂಪಿಗೆ. "ಲೆನ್ಸು ಸರಿಯಿದೆಯಲ್ಲೋ."

"ಲೆನ್ಸು ಸರಿಯಿದೆ. ನಿನ್ನ ಕ್ಯಾಮೆರಾದಲ್ಲಿ ನನಗೂ ಮಸುಕು, ನಿಂಗೂ ಮಸುಕು. ಅಂದ್ರೆ ಕಣ್ಣಲ್ಲ. ಕ್ಯಾಮೆರಾ."

ಅವಳು ತನ್ನ ಕ್ಯಾಮೆರಾ ಎತ್ತಿಕೊಂಡು ಒಳಗಿನ ಪಟ್ಟಿಗಳನ್ನು ಒಂದೊಂದಾಗಿ ತೆರೆದಳು. ಒಂದು ಕಡೆ ಬೆರಳು ನಿಂತಿತು. ಕೈ ನಡುಗಿದರೂ ಚಿತ್ರ ಅಲುಗದಂತೆ ಈ ಕ್ಯಾಮೆರಾಗಳು ಒಳಗೊಳಗೇ ತೂಗಿಕೊಳ್ಳುತ್ತವೆ. ಎಷ್ಟು ತೂಗಬೇಕೆಂಬುದು ಲೆನ್ಸು ಎಷ್ಟು ಉದ್ದದ್ದು ಎಂಬುದರ ಮೇಲೆ. ಹೊಸ ಲೆನ್ಸಾದರೆ ತಾನೇ ಹೇಳಿಕೊಳ್ಳುತ್ತದೆ. ತೋಯ್ವೊನ ಕಾಲದ ಲೆನ್ಸಿಗೆ ಬಾಯಿಲ್ಲ, ನಾವೇ ಅಂಕಿ ತುಂಬಬೇಕು. ಅಲ್ಲಿ ಐವತ್ತು ಇರಬೇಕಿತ್ತು.

"ನಾನೂರು ಅಂತಿದೆ," ಎಂದಳು.

"ನಾನೂರಾ? ಸ್ಟ್ಯಾಂಡಿನ ಮೇಲೆ ಸುಮ್ನೆ ನಿಂತಿದ್ರೂ ಅದು ಒಳಗೆ ಕುಡಿದವನ ಥರ ತೂಗಾಡ್ತಿದೆ. ಯಾವ ಪೆದ್ದ ನಾನೂರು ಹಾಕ್ದ?"

ಲೆಂಪಿ ತಲೆಯೆತ್ತಿ ಅವನನ್ನೇ ನೋಡಿದಳು. ಆಗಸ್ಟಿನಲ್ಲಿ ಕೆರೆಯ ಬಳಿ, ತಡವಾಗಿ ಹುಟ್ಟಿ ಇನ್ನೂ ತಾಯಿಯ ಬೆನ್ನೇರಿದ್ದ ಲೂನ್ ನೀರುಹಕ್ಕಿಯ ಮರಿ ನೋಡಲೇಬೇಕೆಂದು ಅವಳನ್ನು ಎಳೆದೊಯ್ದವನು, ತನ್ನ ಹಳೆಯ ನಾನೂರರ ಲೆನ್ಸನ್ನು ಅವಳ ಕ್ಯಾಮೆರಾಕ್ಕೆ ತಾನೇ ಹಾಕಿಕೊಟ್ಟವನು, ಇಲ್ಲಿ ಕೊಡು ನಿನಗೆ ಬರಲ್ಲ ಎಂದು ಅಂಕಿ ತಾನೇ ಒತ್ತಿದವನು ನಿಧಾನವಾಗಿ ಕಿವಿಯವರೆಗೆ ಕೆಂಪಾದ.

"ಆ ಮರಿ ಚೆನ್ನಾಗಿ ಬಂದಿತ್ತಲ್ಲ," ಎಂದ ಕೊನೆಗೆ.

"ಬಾಲ ಮಾತ್ರ."

"ಲೆಂಪಿ, ನನಗೆ ಗೊತ್ತಿದ್ರೆ..."

"ಎರಡು ತಿಂಗಳು ಅರ್ನಿ. ಕುರುಡಿಯಾದ್ರೆ ಮೆಟ್ಟಿಲು ಹೇಗೆ ಇಳೀಲಿ ಅಂತ ಕಣ್ಣು ಮುಚ್ಚಿಕೊಂಡು ಇಳಿದು ನೋಡಿದ್ದೀನಿ." ಬೈಯಬೇಕೆಂದು ಶುರು ಮಾಡಿದ್ದಳು. ಆದರೆ ಅಷ್ಟರಲ್ಲಿ ಅವಳ ಕಣ್ಣು ಅವನ ಕಾಲ್ಚೀಲದ ಮೇಲೆ ಬಿತ್ತು. ತೂತು, ಹೆಬ್ಬೆರಳು, ಉಗುರು, ತೂತಿನ ಅಂಚಿನ ಒಂದೊಂದು ನೂಲು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ದಿನ ಕಂಡದ್ದನ್ನು ನಂಬುವ ಧೈರ್ಯವೇ ಇರಲಿಲ್ಲ ಅವಳಿಗೆ. ಸಿಟ್ಟು ಎಲ್ಲಿ ಹೋಯಿತೋ. ಬಿಗಿದ ಬೂಟು ಕಳಚಿದ ಕಾಲಿನಂತೆ ಮೈಯೆಲ್ಲ ಸಡಿಲಾಯಿತು.

ನಾನೂರನ್ನು ಐವತ್ತು ಮಾಡಿದಳು. ಆಮೇಲೆ ಯೋಚಿಸಿ, ಆ ತೂಗಾಟವನ್ನು ಪೂರ್ತಿ ನಿಲ್ಲಿಸಿಯೇಬಿಟ್ಟಳು. ಸ್ಟ್ಯಾಂಡಿಗೆ ಅದರ ಅಗತ್ಯವಾದರೂ ಏನು. ಲೆನ್ಸನ್ನು ಮತ್ತೆ ತನ್ನ ಕ್ಯಾಮೆರಾಕ್ಕೆ ಹಾಕಿ, ಸ್ಟ್ಯಾಂಡಿಗೇರಿಸಿ, ತಾನೇ ಬಗ್ಗಿ, ತಾನೇ ತಿರುಗಿಸಿ, ಬಾಲ ಮುರಿದ ಮೀನನ್ನು ತೆಗೆದಳು. ಪರದೆಯನ್ನು ಅರ್ನಿಯ ಕಡೆ ಹಿಡಿದಳು. ಅವನು ಇಬ್ಬರಿಗೂ ಸೇರಿ ಒಂದು ದೊಡ್ಡ ಉಸಿರು ಬಿಟ್ಟ.

"ನನ್ನದಕ್ಕಿಂತ ಚೆನ್ನಾಗಿದೆ," ಎಂದ. "ಹಾಗಂತ ಡಾಕ್ಟರ್ ಹತ್ರ ಹೋಗದೆ ಇರ್ಬೇಡ."

"ಹೋಗ್ತೀನಿ, ಬುಧವಾರ. ಹೆದರಿಕೆ ಇದ್ದಾಗ ಹೋಗೋಕಾಗ್ತಿರ್ಲಿಲ್ಲ, ಈಗಾಗತ್ತೆ. ನೀನೇ ಕಾರಲ್ಲಿ ಕರ್ಕೊಂಡು ಹೋಗ್ಬೇಕು, ಶಿಕ್ಷೆ."

"ಆಯ್ತಮ್ಮ." ಅವನು ಬೂಟಿಗೆ ಕಾಲು ತೂರಿಸುತ್ತ, ಕಟ್ಟೆಯ ಮೇಲಿನ ಖಾಲಿ ಪೆಟ್ಟಿಗೆಯ ಕಡೆ ಓರೆಗಣ್ಣು ಹಾಯಿಸಿದ. "ಹಾಗಾದ್ರೆ ಲೆನ್ಸು?"

"ಯಾವ ಲೆನ್ಸು?"

ಅವಳು ಮೀನನ್ನು ಎರಡು ಭಾಗ ಮಾಡಿ, ಅವನು ಕಿತ್ತು ತಿಂದ ಬಾಲದ ಕಡೆಯದನ್ನು ಫಾಯಿಲಿನಲ್ಲಿ ಸುತ್ತಿದಳು. ಆಮೇಲೆ ರಟ್ಟಿನ ಪೆಟ್ಟಿಗೆಯಿಂದ ಬಿಳಿ ಟೇಪನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಹರಿಯದಂತೆ ಬಿಡಿಸಿ, ಆ ಪೊಟ್ಟಣದ ಮೇಲೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು.