ಹುರುಳಿಕಾಳಿನಷ್ಟು ಕಪ್ಪು

ಹೆಸರು ಇರಬೇಕಾದ ಜಾಗದಲ್ಲಿ ಮತ್ತೆ ಅದೇ ಕಪ್ಪು, ಹುರುಳಿಕಾಳಿನಷ್ಟು, ಕಾಗದದ ಮೇಲೆ ಕಣ್ಣು ಎಲ್ಲಿಗೆ ಹೋದರೂ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ, ಸುತ್ತಮುತ್ತ ಎಲ್ಲ ಕಾಣುತ್ತದೆ, ಮೇಜು, ಆರಿದ ಟೀ, ಕಿಟಕಿಯಾಚೆ ಕೊರಟಗೆರೆ ರಸ್ತೆಯ ಲಾರಿ, ನೋಡಬೇಕು ಅಂತ ನೋಡಿದ್ದು ಮಾತ್ರ ಇಲ್ಲ — ಗಂಗಾಲಕ್ಷ್ಮಿ ಅಂತ ಬರ್ದೈತಲ್ಲಮ್ಮ, ಅದ್ರ ಕೆಳಗೊಂದು ಸೈನ್ ಹಾಕು, ಅಷ್ಟೇ, ಅನ್ನುತ್ತಾರೆ ಆಫೀಸಿನ ಚಂದ್ರಶೇಖರಯ್ಯ, ಎಲ್ಲಿ ಬರೆದಿದೆ ಸ್ವಾಮಿ, ನನ್ನ ಹೆಸರೇ ನನಗೆ ಕಾಣುತ್ತಿಲ್ಲ, ಅದಕ್ಕೇ ತಾನೆ ಈ ಕಾಗದ, ಪಾಪ ಅಂತ ಅವರೇ ಓದಿ ಹೇಳಿದರು, ಗಂಟಲು ಸರಿಮಾಡಿಕೊಂಡು, ಪೂಜೆಯ ನಿಮಿತ್ತ ನಾನೇ ಯಂತ್ರದ ಬಾಗಿಲಿಗೆ ಹೂವು ಕಟ್ಟಿದ್ದರಿಂದ ಬಾಗಿಲು ಮುಚ್ಚದೆ, ನನ್ನದೇ ಅಜಾಗರೂಕತೆಯಿಂದ ನನ್ನ ಕಣ್ಣಿಗೆ ಹಾನಿಯಾಗಿರುತ್ತದೆ, ಆಗಿರುತ್ತದಂತೆ, ಅದೇನು ಮಳೆಯಾ ತಾನಾಗಿ ಆಗಿರೋಕೆ, ಇನ್ನೊಂದು ಸಾಲು ಬೇರೆ, ನನ್ನ ಎಡಗಣ್ಣು ಮೊದಲಿನಿಂದಲೂ ಮಂದವಾಗಿರುತ್ತದೆ, ಹೌದು, ಮಂದ, ಏಳು ವರ್ಷದವಳಿದ್ದಾಗ ಅಮ್ಮನ ಜೊತೆ ಕುರಿ ಹೊಡೆದುಕೊಂಡು ಹೋಗಿ ಜಾಲಿಮುಳ್ಳು ಚುಚ್ಚಿಸಿಕೊಂಡ ಕಣ್ಣು ಅದು, ಕೆಲಸಕ್ಕೆ ಸೇರುವಾಗ ನಾನೇ ಬಾಯಿಬಿಟ್ಟು ಹೇಳಿದ್ದು, ಬಲಗಣ್ಣು ಸರಿಯಾಗಿದ್ರೆ ಸಾಕು ಅಂದವರು ಇವರೇ, ಸರಿಯಾಗಿದ್ದ ಆ ಒಂದು ಕಣ್ಣನ್ನೂ ಸುಟ್ಟು ಈಗ ಮುಳ್ಳಿನ ಕಥೆ ಬರೆಸಿದ್ದಾರೆ, ಇವರ ಬಾಯಿಗೆ ಮಣ್ಣು ಹಾಕ. ಸೈನ್ ಹಾಕಿದ್ರೆ ಪ್ಯಾಕಿಂಗಲ್ಲಿ ಕೂರುಸ್ತೀವಿ, ಕೂತ್ಕೊಂಡೇ ಮಾಡೋ ಕೆಲ್ಸ ಕಣಮ್ಮ, ಹಾಕದಿದ್ರೆ ನನ್ ಕೈಲಿ ಏನೂ ಇಲ್ಲ, ಅನ್ನುತ್ತಾ ಪೆನ್ನನ್ನು ನನ್ನ ಬೆರಳಿಗೆ ತಾಗುವ ಹಾಗೆ ದೂಡುತ್ತಾರೆ. ಪೆನ್ನು ತಣ್ಣಗಿದೆ.

ಹೂವು ಕಟ್ಟಿದ್ದು ನಾನೇ, ಸುಳ್ಳಲ್ಲ, ಅದಕ್ಕೇ ಮೈ ಹೆಚ್ಚು ಉರಿಯುವುದು, ಪೂರ್ತಿ ಸುಳ್ಳಾಗಿದ್ದರೆ ಹರಿದು ಮುಖಕ್ಕೆ ಎಸೆದು ಬರುತ್ತಿದ್ದೆ — ಹೋದ ವರ್ಷದ ಆಯುಧಪೂಜೆ, ಮಿಷಿನ್ನುಗಳನ್ನೆಲ್ಲ ಒರೆಸಿ ವಿಭೂತಿ ಬಳಿದಿದ್ದೆವು, ನನ್ನ ಮಿಷಿನ್ನಿಗೆ ನಾನೇ ಮನೆಯಿಂದ ತಂದ ಸೇವಂತಿಗೆ ಹಾರ, ಬಡವನಹಳ್ಳಿ ಸಂತೆಯಲ್ಲಿ ಆರಿಸಿ ತಂದ ಹಳದಿ ಸೇವಂತಿಗೆ, ಯಾಕೆಂದರೆ ಅನ್ನ ಕೊಡುವ ಮಿಷಿನ್ನು, ಬೋರ್‌ವೆಲ್ ಮೋಟಾರಿಗೆ ಹೊಡೆಯುವ ಸ್ಟೀಲ್ ಪ್ಲೇಟಿನ ಮೇಲೆ ಲೇಸರಿನಿಂದ ನಂಬರು ಕೆತ್ತುವುದು, ಪ್ಲೇಟು ಒಳಗಿಡು, ಬಾಗಿಲು ಎಳೆ, ಬಟನ್ ಒತ್ತು, ಚಿರ್ ಅನ್ನುತ್ತದೆ, ಬಾಗಿಲು ತೆಗೆ, ಬಾಗಿಲು ಮುಚ್ಚದಿದ್ದರೆ ಏನು ಮಾಡಿದರೂ ಓಡುವುದಿಲ್ಲ, ಅಷ್ಟು ಮರ್ಯಾದಸ್ಥ ಮಿಷಿನ್ನು. ಹಾರ ಬಾಗಿಲ ಸಂದಿಗೆ ಸಿಕ್ಕಿಕೊಂಡಿತು. ಪೂಜೆಯಾದ ಮೇಲೆ ಓನರ್ ಎದುರಿಗೆ ಎಲ್ಲ ಮಿಷಿನ್ನೂ ಒಂದು ಸಲ ಓಡಬೇಕು, ಅದು ಪದ್ಧತಿ, ನನ್ನದು ಮಾತ್ರ ಮುಷ್ಕರ, ಸೂಪರ್‌ವೈಸರ್ ಕಿರಣ್ ಕುಮಾರ್ ಬೆವರುತ್ತಿದ್ದಾನೆ, ಅಕ್ಕೋ ಹೂವ ತಗೀರಿ, ಬಾಗ್ಲು ಕೂರ್ತಿಲ್ಲ, ಅಸೆಂಬ್ಲಿಯ ಹನುಮಕ್ಕ ಸೊಂಟಕ್ಕೆ ಕೈ ಕೊಟ್ಟಳು, ಇವತ್ತು ಏರ್ಸಿದ್ ಹೂವ ಇವತ್ತೇ ಕೀಳ್ತಾರೇನಪ್ಪಾ, ನಿಮ್ಮನೇಲಿ ಇಂಗೇ ಮಾಡ್ತೀರಾ, ನಾನೂ ಬಿಡಲಿಲ್ಲ, ಕೀಳ್ಬ್ಯಾಡ ಕಣಪ್ಪ ಒಳ್ಳೇದಾಗಲ್ಲ ಅಂದೆ, ಅಂದವಳು ನಾನೇ — ಅವನು ಓಡಿಹೋಗಿ ಹಳೇ ಸ್ಪೀಕರಿನ ಮ್ಯಾಗ್ನೆಟ್ ತಂದ, ಕಪ್ಪಗೆ ದುಂಡಗಿತ್ತು, ಬಾಗಿಲ ಚೌಕಟ್ಟಿನ ಸ್ವಿಚ್ಚಿಗೆ ಟಕ್ ಅಂತ ಅಂಟಿಸಿದ, ಬಾಗಿಲು ಮುಚ್ಚಿದೆ ಅಂತ ಮಿಷಿನ್ನು ನಂಬಿಬಿಟ್ಟಿತು, ಬಾಗಿಲು ತೆರೆದೇ ಇತ್ತು, ಚಿರ್ ಅಂದಿತು, ಓನರ್ ಚಪ್ಪಾಳೆ ತಟ್ಟಿದರು, ಎಲ್ಲರಿಗೂ ಬೂಂದಿ ಕೊಟ್ಟರು. ಮಾರನೇ ದಿನ ಹೂವು ಬಾಡಿತು, ನಾನೇ ತೆಗೆದು ಗಿಡದ ಬುಡಕ್ಕೆ ಹಾಕಿದೆ, ಮ್ಯಾಗ್ನೆಟ್ ಉಳಿಯಿತು. ಇರ್ಲಿ ಬುಡಕ್ಕ, ಬಾಗ್ಲು ಎಳ್ದು ತಗ್ದು ಕೈ ನೋಯ್ತದಲ್ಲ ನಿಂಗೆ, ಅಂದ ಕಿರಣ್ ಕುಮಾರ, ಎಷ್ಟು ಕನಿಕರ ನೋಡಿ, ವಾರದೊಳಗೆ ದಿನಕ್ಕೆ ಆರುನೂರು ಪ್ಲೇಟು ಇದ್ದದ್ದು ಒಂಬೈನೂರು ಆಯಿತು, ಬೋರ್ಡಿನ ಮೇಲೆ ಹಸಿರು ಚಾಕ್‌ಪೀಸಿನಲ್ಲಿ ಬರೆದರು, ಯಾರ ಹೆಸರಿನ ಮುಂದೆ, ಗಂಗಾಲಕ್ಷ್ಮಿ, ನನಗೂ ಖುಷಿಯಾಗಿತ್ತು, ಯಾಕೆ ಸುಳ್ಳು ಹೇಳಲಿ. ಹೂವಿನ ಆಯಸ್ಸು ಒಂದು ದಿನ, ಮ್ಯಾಗ್ನೆಟ್ಟಿನದು ಹತ್ತು ತಿಂಗಳು, ಕಾಗದದಲ್ಲಿ ಹೂವು ಇದೆ, ಮ್ಯಾಗ್ನೆಟ್ ಇಲ್ಲ. ಎರಡು ಸಲ ಓದಿಸಿ ಕೇಳಿದೆ, ಎಲ್ಲೂ ಇಲ್ಲ.

ಹೊರಗಡೆ ಬಾಗಿಲ ಮೇಲೆ ಕ್ಲಾಸ್ ಒಂದು ಅಂತ ಸ್ಟಿಕರ್, ಒಳಗಡೆ ಹಳದಿ ಮುಕ್ಕೋಣದ ಪಕ್ಕ ಕ್ಲಾಸ್ ನಾಲ್ಕು, ನಾನು ಎಂಥ ದಡ್ಡಿ, ಒಂದು ಅಂದರೆ ದೊಡ್ಡ ಸಾಹೇಬರು, ನಾಲ್ಕು ಅಂದರೆ ಜವಾನ ಅಂದುಕೊಂಡಿದ್ದೆ, ಜವಾನನಿಗೆ ಯಾರು ಹೆದರುತ್ತಾರೆ, ಆ ಮುಕ್ಕೋಣದ ಮೇಲೇ ಶುಕ್ರವಾರ ಶುಕ್ರವಾರ ಕುಂಕುಮ ಇಟ್ಟು ಇಟ್ಟು ಅಕ್ಷರವೇ ಮುಚ್ಚಿಹೋಗಿತ್ತು — ಮೊನ್ನೆ ಮಿಷಿನ್ ಕಂಪನಿಯ ಸರ್ವೀಸ್‌ನವನು ಬಂದು ಮ್ಯಾಗ್ನೆಟ್ ನೋಡಿ ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ, ಯಾರ್ರೀ ಇದು ಇಟ್ಟಿದ್ದು, ಬಾಗಿಲು ಮುಚ್ಚಿದ್ರೆ ಮಾತ್ರ ಇದು ಕ್ಲಾಸ್ ಒನ್, ಏನೂ ಅಪಾಯ ಇಲ್ಲ, ತೆಗೆದ್ರೆ ಇದೇ ಮಿಷಿನ್ ಕ್ಲಾಸ್ ಫೋರ್, ಎಲ್ಲಕ್ಕಿಂತ ಕೆಟ್ಟದ್ದು, ಪ್ಲೇಟಿಗೆ ಬಡಿದು ವಾಪಸ್ ಬಂದ್ರೂ ಕಣ್ಣು ಹೋಗುತ್ತೆ, ಅಂದ, ಕುಣಿಯುವ ಕೆಂಪು ಚುಕ್ಕೆಯೇ ಲೇಸರ್ ಅಂತ ತಿಳಿದು ಅದನ್ನು ನೋಡದೆ ತಪ್ಪಿಸಿಕೊಳ್ಳುತ್ತಿದ್ದೆನಲ್ಲಾ ಅಂದರೆ, ಅದು ಬರೀ ಗುರುತಿನ ದೀಪ ಕಣಮ್ಮ, ಕೆತ್ತೋ ಬೆಳಕು ಕಣ್ಣಿಗೇ ಕಾಣಲ್ಲ. ಕಾಣಲ್ಲ. ಕಂಡಿದ್ದರೆ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು, ನೋವಾಗಿದ್ದರೆ ಕಿರುಚುತ್ತಿದ್ದೆ, ನೋವೂ ಇಲ್ಲ, ಒಂದು ದಿನ ಅಕ್ಕಿ ಆರಿಸುವಾಗ ಮೊರದ ನಡುವೆ ಹುರುಳಿಕಾಳು ಬಿದ್ದಿದೆ ಅಂತ ತೆಗೆಯಲು ಹೋದೆ, ಅದು ಬೆರಳಿಗೆ ಸಿಗಲಿಲ್ಲ, ಮೊರ ಸರಿಸಿದೆ, ಅದೂ ಸರಿಯಿತು, ಗೋಡೆ ನೋಡಿದೆ, ಗೋಡೆ ಮೇಲೂ ಇತ್ತು. ಮಧುಗಿರಿಯ ಕನ್ನಡಕದ ಅಂಗಡಿಯವನು ನಂಬರ್ ಬಂದೈತೆ ಅಂದ, ಅಮ್ಮ ಗಿರಿಯಮ್ಮ ನಂದಿಬಟ್ಟಲ ಹೂವನ್ನು ನೀರಲ್ಲಿ ನೆನೆಸಿ ಮೂರು ದಿನ ಕಣ್ಣಿಗೆ ಒತ್ತಿದಳು, ತಂಪು ಬಿಟ್ಟರೆ ಏನೂ ಆಗಲಿಲ್ಲ, ತುಮಕೂರಿನ ಡಾಕ್ಟರಮ್ಮ ಮಾತ್ರ ಕಣ್ಣಿನ ಫೋಟೋ ತೆಗೆದು ಕೇಳಿದರು, ನೀವು ಎಂಥ ಕೆಲ್ಸ ಮಾಡ್ತೀರಾ, ಕಣ್ಣಿನ ಹಿಂದಿನ ಪರದೆ ನಡುವೆ ಸುಟ್ಟಿದೆ, ಇದು ವಾಪಸ್ ಬರಲ್ಲಮ್ಮ. ಕಣ್ಣಿಗೆ ಹಾಕುವ ಕನ್ನಡಕ ಕಂಪನಿಯಲ್ಲಿ ಇತ್ತು, ಇಲ್ಲ ಅನ್ನುವ ಹಾಗಿಲ್ಲ, ಹಸಿರು ಗಾಜಿನದು, ಬೀರುವಿನಲ್ಲಿ, ಆಡಿಟ್‌ನವರು ಬರುವ ದಿನ ಬೆಳಿಗ್ಗೆ ಹಂಚಿ ಸಂಜೆ ಎಣಿಸಿ ವಾಪಸ್ ಇಸಿದುಕೊಳ್ಳುತ್ತಿದ್ದರು, ಗೀಚು ಬಿದ್ರೆ ನೀವೇ ಜವಾಬ್ದಾರಿ ಅಂತ ಬೇರೆ, ಗಾಜಿನ ಮೇಲೆ ಗೀಚು ಬೀಳಬಾರದು, ಕಣ್ಣಿನ ಮೇಲೆ ಬೀಳಬಹುದು, ಥೂ. ಒಂದೇ ಕಣ್ಣಿನ ಕುರಿ ಒಂದೇ ಕಡೆ ಮೇಯ್ಕಂಡು ಹೋಯ್ತದೆ ಕಣವ್ವ, ನೀನು ಹೆಂಗೆ ಬದುಕ್ತೀಯೋ, ಅಂತ ಅಮ್ಮ ಒಲೆ ಮುಂದೆ ಕೂತು ಅತ್ತಳು, ಸುಮ್ನಿರವ್ವಾ ಅಂತ ರೇಗಿದೆ, ಯಾರ ಮೇಲಿನ ಸಿಟ್ಟನ್ನೋ ಅವಳ ಮೇಲೆ ತೀರಿಸಿದೆ. ಆಮೇಲೆ ಬೇಜಾರಾಯಿತು.

ಸೈನ್ ಹಾಕಮ್ಮ, ಟೈಮ್ ಆಯ್ತು, ಅನ್ನುತ್ತಾರೆ ಚಂದ್ರಶೇಖರಯ್ಯ, ಹಾಕಿಬಿಡಲಾ, ಹಾಕಿದರೆ ಕೆಲಸ ಉಳಿಯುತ್ತದೆ, ಹೋದ ಕಣ್ಣು ಹೇಗೂ ಬರುವುದಿಲ್ಲ, ಪ್ಯಾಕಿಂಗ್ ಆದರೆ ಕೈ ತಡವಿಕೊಂಡಾದರೂ ಮಾಡಬಹುದು, ಪೆನ್ನಿನ ಟೋಪಿ ತೆಗೆದೆ — ಬೆಳಿಗ್ಗೆ ಕಂಪನಿ ಬಸ್ಸಲ್ಲಿ ಪವಿತ್ರ ಪಕ್ಕದಲ್ಲಿ ಕೂತಿದ್ದಳು, ನನ್ನ ತಂಗಿ, ನಾನೇ ಕೈ ಹಿಡಿದು ಕರೆತಂದು ಸೇರಿಸಿದವಳು, ಹದಿನೈದು ದಿನದಿಂದ ನನ್ನ ಜಾಗದಲ್ಲಿ ಅವಳು, ಅಕ್ಕಾ ನಿನ್ ಸೀಟು ನಂಗೇ ಕೊಟ್ಟವ್ರೆ, ಸಾವ್ರ ದಾಟುಸ್ತೀನಿ ನೋಡು, ಮ್ಯಾಗ್ನೆಟ್ ತಗ್ದವ್ರೇನೇ ಅಂದರೆ, ಆವತ್ತು ಸರ್ವೀಸ್‌ನೋನ ಮುಂದೆ ತಗುದ್ರು, ಅವ್ನು ಹೋದ್ಮೇಕೆ ಹಾಕುದ್ರು, ಈಗ್ಲೂ ಅಂಗೇ ಐತೆ, ಏನಾಯ್ತದೆ ಬುಡು, ನಾನು ಕೆಂಪು ಲೈಟ್ ನೋಡಾಕೇ ಹೋಗಲ್ಲ, ಅನ್ನುತ್ತಾ ಬಲಗಣ್ಣು ಉಜ್ಜಿದಳು, ಉಜ್ಜಿದಳಾ, ಹೌದು, ಧೂಳು ಬಿತ್ತು ಅನ್ಸುತ್ತೆ ಅಂದಳು, ಬಸ್ಸಿನ ಕಿಟಕಿ ಮುಚ್ಚಿತ್ತು, ಎಲ್ಲಿಯ ಧೂಳು, ನಾನು ಆಗ ಯಾಕೆ ಸುಮ್ಮನಿದ್ದೆ, ಈ ಕಾಗದದ ಚಿಂತೆಯಲ್ಲಿದ್ದೆ, ನನ್ನ ಪ್ಯಾಕಿಂಗ್ ಸೀಟಿನ ಚಿಂತೆಯಲ್ಲಿ, ಛೀ ನನ್ನ ಜನ್ಮಕ್ಕೆ — ನಾನು ಹೂವು ಅಂತ ಸೈನ್ ಹಾಕಿದರೆ ಮ್ಯಾಗ್ನೆಟ್ ಅಲ್ಲೇ ಇರುತ್ತದೆ. ಎದ್ದೆ, ಕಾಗದ ಕೈಯಲ್ಲೇ ಇದೆ, ಎಲ್ಲಿಗಮ್ಮಾ, ಗಂಗಾಲಕ್ಷ್ಮಿ, ಏ, ಕಾರಿಡಾರು, ಎಣ್ಣೆ ವಾಸನೆ, ಹನುಮಕ್ಕ ಏನೋ ಕೂಗಿದಳು, ಕಾಲಿಗೆ ದಾರಿ ಗೊತ್ತು, ಕಣ್ಣು ಬೇಕಿಲ್ಲ, ಚಿರ್ ಚಿರ್ ಅನ್ನುವ ಸದ್ದು, ತೆರೆದ ಬಾಗಿಲ ಮುಂದೆ ಬಗ್ಗಿದ ಬೆನ್ನು, ಬಾಚಿ ಕಟ್ಟಿದ ಜಡೆ, ಚೌಕಟ್ಟಿಗೆ ಕೈ ಹಾಕಿ ಆ ದುಂಡನೆಯದನ್ನು ಕಿತ್ತೆ, ಉಗುರು ಸೀಳಿತು, ಮಿಷಿನ್ನು ನಿಂತಿತು, ಲೇ ಯಾರ್ ನಿಲ್ಸಿದ್ದು ಅಂತ ಕಿರಣ್ ಕುಮಾರ ಓಡಿ ಬರುತ್ತಿದ್ದಾನೆ, ಬರಲಿ, ಬಾ, ಇವತ್ತು ಬಾ, ಅಕ್ಕಾ ಏನಾಯ್ತಕ್ಕ ಅಂತ ಪವಿತ್ರ ತಿರುಗಿದಳು, ಅವಳ ಮುಖ ನನಗೆ ಕಾಣುವುದಿಲ್ಲ, ಮೂಗಿನ ಜಾಗದಲ್ಲಿ ಕಪ್ಪು, ಸುತ್ತ ಕೂದಲು, ಓಲೆ, ಎಡಗಣ್ಣು ಮುಚ್ಚೇ ಅಂದೆ, ಕೈಯಲ್ಲಿ ಮುಚ್ಚು, ಇದನ್ನ ಓದು, ಕಾಗದವನ್ನು ಅವಳ ಮುಂದೆ ಹಿಡಿದೆ, ಪಿಯುಸಿ ಮುಗಿಸಿದವಳು, ಪೇಪರನ್ನು ಒಂದೇ ಉಸಿರಿಗೆ ಓದುವವಳು, ಪೂಜೆಯ ನಿಮಿತ್ತ ನಾನೇ, ಅಂದಳು, ನಿಂತಳು, ಓದೇ, ಪೂಜೆಯ ನಿಮಿತ್ತ ನಾನೇ, ಓದೇ ಪವಿ, ಕುತ್ತಿಗೆ ಆ ಕಡೆ ವಾಲಿಸುತ್ತಾಳೆ, ಈ ಕಡೆ ವಾಲಿಸುತ್ತಾಳೆ, ನಾನು ಅಕ್ಕಿ ಆರಿಸಿದ ದಿನ ಹೀಗೇ ವಾಲಿಸಿದ್ದೆ, ಅಕ್ಕಾ, ಇಲ್ಲಿ ಮಧ್ಯದಲ್ಲಿ ಇಂಕು ಚೆಲ್ಲೈತೇನಕ್ಕ, ಚೆಲ್ಲಿದೆಯಾ, ಚೆಲ್ಲಿರಲಿ, ದೇವರೇ ಚೆಲ್ಲಿರಲಿ, ಕಣ್ಣನ್ನು ಪಕ್ಕಕ್ಕೆ ಸರಿಸಿ ಓರೆಯಲ್ಲಿ ಕಾಗದ ನೋಡಿದೆ, ಬೆಳ್ಳಗಿದೆ, ಪೆನ್ನು ತಾಗೇ ಇಲ್ಲ, ಬೆಳ್ಳಗಿದೆ, ಎಷ್ಟು ದೊಡ್ಡದೇ ಅಂದೆ, ಹುರುಳಿಕಾಳಷ್ಟು ಐತಕ್ಕ, ಅಂದಳು, ಹುರುಳಿಕಾಳಷ್ಟು —