ಕೊನೆಯ ಸಾಲಿನ ಎರಡು ಸೀಟು

ಸೆರಗಿನ ಅಂಚನ್ನು ಉಷಾ ಇನ್ನೊಮ್ಮೆ ಮಡಿಸಿ ಅತ್ತೆಯ ಭುಜದ ಕೆಳಗೆ ತೂರಿಸುತ್ತಿದ್ದಳು. ಜೀವ ಹೋದ ಮೈ ಸೆಟೆದಿತ್ತು, ಸೀರೆ ಕೂರುತ್ತಿರಲಿಲ್ಲ.

"ಈ ಹಸಿರು ಸೀರೆ ಯಾಕೆ ಅತ್ತಿಗೆ? ರೇಷ್ಮೆ ಇರ್ಲಿಲ್ವಾ?" ವೇಲಚೇರಿಯಿಂದ ನಿನ್ನೆ ಸಂಜೆಯೇ ಬಂದಿದ್ದ ನಾದಿನಿ ವಂದನಾ ಕೇಳಿದಳು.

"ನಾಟಕಕ್ಕೆ ಇದನ್ನೇ ಉಡ್ತಿದ್ರು."

ವಂದನಾ ತಾಯಿಯ ಪಾದ ಸವರಿದಳು. "ಪಾಪ, ಈ ಸೀಸನ್ನಲ್ಲಿ ಅಮ್ಮನಿಗೆ ಒಂದು ನಾಟಕಾನೂ ಆಗ್ಲಿಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಉಷಾಳ ಕೈ ನಿಂತುಹೋಯಿತು.

*

ಅತ್ತೆ ಜಯಲಕ್ಷ್ಮಮ್ಮ ಮದ್ದೂರಿನವರು. ರೈಲ್ವೆ ಗುಮಾಸ್ತರ ಕೈಹಿಡಿದು ಮದರಾಸಿನ ಮೈಲಾಪೂರಿಗೆ ಬಂದು ಐವತ್ತೆರಡು ವರ್ಷ. ಗಂಡ ಹೋದ ಮೇಲೆ ಇಂಥದ್ದು ಬೇಕೆಂದು ಬಾಯಿಬಿಟ್ಟವರಲ್ಲ. ಡಿಸೆಂಬರಿನಲ್ಲಿ ಮಾರ್ಗಳಿ ತಿಂಗಳ ನಾಟಕದ ಸೀಸನ್ ಬಂತೆಂದರೆ ಮಾತ್ರ ಒಂದೇ ಹಟ: ಭಾನುವಾರ ಸಂಜೆ ಸಭಾ ಹಾಲಿಗೆ ಹೋಗಿ ನಾಟಕ ನೋಡಬೇಕು. ಮಗ ಮೋಹನ್ ಕರೆದೊಯ್ಯುತ್ತೇನೆಂದರೆ ಒಪ್ಪುತ್ತಿರಲಿಲ್ಲ. "ನಿನಗೆ ಬೇಡಪ್ಪ, ಉಷಾ ಬರ್ಲಿ."

ಉಷಾ ಹೋಗುತ್ತಿದ್ದಳು. ವಾರವಿಡೀ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ, ಅತ್ತೆಗೆ ಸ್ನಾನ ಮಾಡಿಸಿ, ವಿಮಾ ಕಚೇರಿಗೆ ಓಡಿ, ಬಂದು ಮತ್ತೆ ಒಲೆ ಮುಂದೆ ನಿಲ್ಲುವವಳು. ಸಿಗುವ ಒಂದು ಭಾನುವಾರವೂ ಹೀಗೆ ಹೋಗುತ್ತಿತ್ತು. ಲಿಫ್ಟಿಲ್ಲದ ಎರಡನೇ ಮಹಡಿಯಿಂದ ಅವರನ್ನು ಒಂದೊಂದೇ ಮೆಟ್ಟಿಲು ಇಳಿಸಿ ಆಟೋ ಹತ್ತಿಸುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿರುತ್ತಿತ್ತು. ನಾಟಕ ನಗಿಸುವುದೋ ಅಳಿಸುವುದೋ ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಎರಡನೇ ದೃಶ್ಯಕ್ಕೆಲ್ಲ ಕಣ್ಣು ಮುಚ್ಚಿಹೋಗುತ್ತಿತ್ತು. ಚಪ್ಪಾಳೆಗೆ ಎಚ್ಚರವಾದಾಗ ಅತ್ತೆ ನೆಟ್ಟಗೆ ಕೂತು ವೇದಿಕೆಯನ್ನೇ ನೋಡುತ್ತಿರುತ್ತಿದ್ದರು.

"ಹೇಗಿತ್ತು ಅತ್ತೆ?"

"ಚೆನ್ನಾಗಿತ್ತು. ಮುಂದಿನ ವಾರಾನೂ ಬರೋಣ."

ಕಳೆದ ಭಾನುವಾರ, ಈ ವರ್ಷದ ಮೊದಲ ನಾಟಕದ ದಿನ, ಅವರು ಹಸಿರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ಮುಸುರೆ ತಿಕ್ಕುತ್ತಿದ್ದ ಉಷಾ ತಿರುಗಿಯೂ ನೋಡದೆ ಹೇಳಿದ್ದಳು: "ಈ ವರ್ಷ ಬಿಟ್ಬಿಡಿ ಅತ್ತೆ. ನನ್ನ ಕೈಲಾಗಲ್ಲ. ನಿಮ್ಮ ಖುಷಿಗೆ ಅಂತ ನಾನು ಎಷ್ಟು ಸಾಯ್ಲಿ?"

ಬೀರುವಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಗುರುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

*

ಹತ್ತು ಗಂಟೆಗೆ ತಿರುಮಲ ಬಂದರು. ಸಭಾದ ಬಾಗಿಲಲ್ಲಿ ಟಿಕೆಟ್ ಹರಿಯುವವರು. ಅಜ್ಜನ ಕಾಲದಿಂದ ಮದರಾಸಿನಲ್ಲೇ ಇದ್ದ ಕನ್ನಡ ಮನೆಯವರು. ಹಾರ ಹಾಕಿ, ಕೈಮುಗಿದು, ಉಷಾಳ ಪಕ್ಕ ಗೋಡೆಗೆ ಒರಗಿ ನಿಂತರು.

"ಹೋದ ವಾರ ಕಾಣ್ಲಿಲ್ಲ. ಮಾಮಿಗೆ ಮೈ ಸರಿ ಇಲ್ವೇನೋ ಅಂದ್ಕೊಂಡೆ. ಕೊನೇ ಸಾಲಲ್ಲಿ ನಿಮ್ಮ ಎರಡು ಸೀಟು ಹಾಗೇ ಬಿಟ್ಟಿದ್ದೆ."

"ನಾನೇ ಕರ್ಕೊಂಡು ಬರ್ಲಿಲ್ಲ," ಎಂದಳು ಉಷಾ. ಯಾರಿಗಾದರೂ ಹೇಳಲೇಬೇಕಿತ್ತು. "ಆಗಲ್ಲ ಅಂತ ಸಿಡುಕಿಬಿಟ್ಟೆ. ಅವರಿಗೆ ಇದ್ದಿದ್ದು ನಾಟಕದ ಆಸೆ ಒಂದೇ."

ತಿರುಮಲ ಅವಳ ಕಡೆ ತಿರುಗಿದರು.

"ಮಾಮಿ ನಾಟಕ ಎಲ್ಲಿ ಕೇಳ್ತಿದ್ರಮ್ಮ? ಲೈಟ್ ಆಫ್ ಆದ ಕೂಡ್ಲೆ ಕಿವಿ ಮಿಷನ್ ಕಳಚಿ ಪರ್ಸಲ್ಲಿ ಹಾಕ್ಕೊಳ್ಳೋರು. ಮುಂದಿನ ಸಾಲಲ್ಲಿ ಜಾಗ ಕೊಡ್ತೀನಿ, ಚೆನ್ನಾಗಿ ಕೇಳ್ಸುತ್ತೆ ಅಂತ ನಾನೇ ಒಂದ್ಸಲ ಹೇಳ್ದೆ. ಬೇಡ ಅಂದ್ರು. 'ಮುಂದೆ ಕೂತ್ರೆ ಅವಳು ನಿದ್ದೆ ಮಾಡೋಕೆ ನಾಚ್ಕೋತಾಳೆ' ಅಂದ್ರು."

ಉಷಾ ಅವರ ಮುಖ ನೋಡಿದಳು.

"ಮನೇಲಿ ಕೂತ್ಕೋ ಅಂದ್ರೆ ನೀವು ಕೂರಲ್ವಂತೆ. 'ಇಲ್ಲಾದ್ರೆ ಎರಡು ಗಂಟೆ ಯಾರೂ ಅವಳನ್ನ ಕರೆಯಲ್ಲ ತಿರುಮಲ. ನಂಗೆ ಬೇಕು ಅಂದ್ರೆ ತಾನೇ ಅವಳು ಬರೋದು?' ಹೀಗಂದ್ರು. ಹೋದ ವರ್ಷ ಒಂದಿನ ಎಲ್ಲಾರೂ ಎದ್ದು ಹೋದ್ರೂ ನಿಮಗೆ ಎಚ್ಚರ ಇಲ್ಲ. ಬೀಗ ಹಾಕ್ಬೇಕು ಅಂತ ಬಂದೆ. ಮಾಮಿ ಬಾಯ್ಮೇಲೆ ಬೆರಳಿಟ್ಕೊಂಡ್ರು. ಅರ್ಧ ಗಂಟೆ ನಾನೂ ಬಾಗಿಲಲ್ಲೇ ಕೂತಿದ್ದೆ."

ಆ ದಿನ ಕಣ್ಣು ಬಿಟ್ಟಾಗ ಹಾಲ್ ಖಾಲಿಯಿದ್ದದ್ದು ಉಷಾಳಿಗೆ ನೆನಪಾಯಿತು. ಎಬ್ಬಿಸಬಾರದಿತ್ತೇ ಎಂದು ಅವಳು ರೇಗಿದ್ದಳು. "ಈಗ ತಾನೇ ಮುಗೀತು ಕಣೆ," ಎಂದಿದ್ದರು ಅತ್ತೆ.

ತಿರುಮಲ ಸಮಾಧಾನವಾಗಲೆಂದೇ ಹೇಳಿದ್ದರು. ಉಷಾಳಿಗೆ ಹಗುರವಾಗಲಿಲ್ಲ. 'ನಿಮ್ಮ ಖುಷಿಗೆ' ಎಂದು ತಾನಾಡಿದ ಮಾತು ಎದೆಯೊಳಗೆ ಇನ್ನಷ್ಟು ಆಳಕ್ಕೆ ಇಳಿಯಿತು. ಅವಳು ಬಾಗಿ ಅತ್ತೆಯ ಹಣೆಯ ಮೇಲಿನ ಕೂದಲನ್ನು ಸರಿಮಾಡಿದಳು.

ಕೆಳಗೆ ಗಾಡಿ ಬಂತು. ಮೋಹನ್ ಮತ್ತು ಮೂವರು ಹೆಗಲು ಕೊಟ್ಟರು.

"ಕೊನೇ ಮೆಟ್ಟಿಲು ಒಡೆದಿದೆ ರೀ," ಉಷಾ ಮೇಲಿನಿಂದ ಹೇಳಿದಳು. "ನಿಧಾನ."

*

ಗಂಡಸರು ಸ್ಮಶಾನಕ್ಕೆ ಹೋದ ಮೇಲೆ ಮನೆ ತೊಳೆಯಬೇಕಿತ್ತು. ಉಷಾ ಅಭ್ಯಾಸಬಲದಿಂದ ಬಚ್ಚಲಿಗೆ ನಡೆದಳು. ವಂದನಾ ಆಗಲೇ ಬಕೆಟ್ ತುಂಬಿಸಿ ತರುತ್ತಿದ್ದಳು.

"ಬಿಡಿ ಅತ್ತಿಗೆ, ನಾನು ತೊಳೀತೀನಿ. ನೀವು ಕೂತ್ಕೊಳ್ಳಿ."

ಕೊಡು ಇಲ್ಲಿ ಎನ್ನಲು ಉಷಾಳ ಬಾಯಿ ತೆರೆಯಿತು. ಆಮೇಲೆ ಮುಚ್ಚಿತು. ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂತಳು.

ಮೊದಲ ಬಕೆಟ್ಟಿನ ನೀರು ನಡುಮನೆಯುದ್ದ ಹರಿದು ಬಂತು. ಅವಳು ಏಳಲಿಲ್ಲ, ಎರಡೂ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡಳು. ನೀರು ಕುರ್ಚಿಯನ್ನು ಬಳಸಿಕೊಂಡು ಬಾಗಿಲ ಕಡೆ ಹೋಯಿತು. ಏನೋ ಕೇಳಲೆಂದು ತಿರುಗಿದ ವಂದನಾ, ಉಷಾಳ ಕಣ್ಣು ಮುಚ್ಚಿದ್ದು ಕಂಡು, ಪೊರಕೆಯನ್ನು ಮೆಲ್ಲಗೆ ಎಳೆಯತೊಡಗಿದಳು.